ಎಡಗಿವಿಯ ಹಕ್ಕು

ದನದ ಡಾಕ್ಟರು ಬರುತ್ತಾರೆಂದು ಊರಿನವರು ಬೆಳಗ್ಗೆ ಎದ್ದವರೇ ದನಗಳ ಮೈ ತೊಳೆದಿದ್ದರು. ತೊಳೆಯಿರಿ ಎಂದು ಯಾರೂ ಹೇಳಿರಲಿಲ್ಲ. ಸರ್ಕಾರದವರ ಮುಂದೆ ಕೊಟ್ಟಿಗೆಯ ವಾಸನೆ ಹೊತ್ತುಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಅವರವರಿಗೇ ಅನ್ನಿಸಿತ್ತು. ಹಾಲಿನ ಡೇರಿಯ ಮುಂದಿನ ಬಯಲಿನಲ್ಲಿ ಗೂಟ ಹೊಡೆದು ಕಟ್ಟಿದ ಹಸುಗಳ ಹೊಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬರಂತೂ ಕೊಂಬಿಗೆ ಎಣ್ಣೆ ಹಚ್ಚಿ ತಂದಿದ್ದರು.

ಸಾಲಿನ ಕೊನೆಯಲ್ಲಿ, ಡೇರಿಯ ಗೋಡೆಯ ನೆರಳಿನಲ್ಲಿ, ದೊಡ್ಡಕ್ಕ ತನ್ನ ಕೆಂದಿಯನ್ನು ಹಿಡಿದುಕೊಂಡು ನಿಂತಿದ್ದಳು. ಊರಿಗೆಲ್ಲ ಅವಳು ದೊಡ್ಡಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಕೆಂದಿ ಕರು ಹಾಕಿ ಸ್ವಲ್ಪ ದಿನವಾಗಿತ್ತು. ಮನೆಯಲ್ಲಿ ಬಿಟ್ಟುಬಂದ ಕರುವನ್ನು ನೆನೆದು ಅದು ಆಗಾಗ ಹಿಂದಿರುಗಿ ನೋಡುತ್ತಿತ್ತು. ಉಳಿದ ದನಗಳ ನಡುವೆ ಕಟ್ಟಿದರೆ ಹಾಯುತ್ತದೆಂದು ದೊಡ್ಡಕ್ಕ ಅದನ್ನು ದೂರ ನಿಲ್ಲಿಸಿದ್ದಳು. ಹಗ್ಗದ ಇನ್ನೊಂದು ತುದಿ ಅವಳ ಮೈದುನನ ಕೈಯಲ್ಲಿತ್ತು. ಅವನು ರಾಜ್ಯ ಸರ್ಕಾರದ ಮೇವಿನ ಡಿಪೋದಲ್ಲಿ ಬಾಗಿಲು ತೆಗೆದು ಹುಲ್ಲು ತೂಗಿ ಕೊಡುವ ಕೆಲಸದವನು. ಡಿಪೋ ತೆರೆಯುವ ಹೊತ್ತಿಗೆ ಇನ್ನೂ ಸಮಯವಿತ್ತು. ಮದುವೆಯಾಗದವನು, ಊಟಕ್ಕೆ ಅತ್ತಿಗೆಯ ಮನೆಗೇ ಬರುವವನು. ಆದ್ದರಿಂದ ಬಾ ಎಂದಾಗ ಬಾರದಿರಲು ಅವನಿಗೆ ಧೈರ್ಯವಿರಲಿಲ್ಲ.

ಹಳ್ಳದಾಚೆಯ ಊರಿಗೆ ಕಾಲುಬಾಯಿ ರೋಗ ಬಂದಿತ್ತು. ಅಲ್ಲಿಯ ಹಸುಗಳು ಬಾಯಲ್ಲಿ ಜೊಲ್ಲು ಸುರಿಸಿಕೊಂಡು, ಗೊರಸು ಊರಲಾಗದೆ ನಿಂತಲ್ಲೇ ಕಾಲು ಬದಲಿಸುತ್ತಿವೆ ಎಂದು ನೋಡಿಬಂದವರು ಹೇಳಿದ್ದರು. ದೊಡ್ಡ ದನ ನರಳಿ ನರಳಿ ಬದುಕಿಕೊಳ್ಳುತ್ತದೆ. ಕರುವಿನ ಮಾತು ಬೇರೆ. ಈ ಹಿಂದೆ ಒಮ್ಮೆ ರೋಗ ಬಂದಾಗ ದೊಡ್ಡಕ್ಕನ ಕೊಟ್ಟಿಗೆಯಲ್ಲಿ ಕರುವೊಂದು ಕೆಚ್ಚಲಿಗೆ ಬಾಯಿ ಹಾಕಿದ್ದು ಹಾಕಿದಂತೆಯೇ ಮಂಡಿಯೂರಿ ಬಿದ್ದುಹೋಗಿತ್ತು. ಎತ್ತಲು ಹೋದವಳ ಕೈಯಲ್ಲಿ ಅದರ ಬಾಯಿಯ ಹಾಲು ಇನ್ನೂ ಬೆಚ್ಚಗಿತ್ತು. ಈಗಿನ ಕರುವಿಗೆ ಸೂಜಿ ಹಾಕಿಸುವ ವಯಸ್ಸಾಗಿರಲಿಲ್ಲ. ತಾಯಿಗೆ ರೋಗ ಬಾರದಂತೆ ನೋಡಿಕೊಂಡರೆ ಕರು ಉಳಿಯುವ ಸಂಭವ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ದೊಡ್ಡಕ್ಕನಿಗೆ ಅಷ್ಟು ಸಾಕಾಗಿತ್ತು.

ಡಾಕ್ಟರು ಮೋಟಾರ್ ಬೈಕಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಅವರು ರಾಜ್ಯ ಸರ್ಕಾರದ ನೌಕರರು. ಪೆಟ್ಟಿಗೆಯೊಳಗಿನ ಔಷಧಿ ಕೇಂದ್ರ ಸರ್ಕಾರದ್ದು. ಔಷಧಿ ಸರಿಯಾಗಿ ಖರ್ಚಾಗುತ್ತದೋ ಇಲ್ಲವೋ ನೋಡಲು ಕೇಂದ್ರದವರು ಕಳಿಸಿದ ವೀಕ್ಷಕಿ ಹಿಂದಿನಿಂದ ಜೀಪಿನಲ್ಲಿ ಬಂದಳು. ಚಿಕ್ಕ ವಯಸ್ಸಿನವಳು. ಬಿಳಿ ಬೂಟು ಹಾಕಿಕೊಂಡಿದ್ದಳು. ಬಯಲನ್ನು ನೋಡಿದ ಮೇಲೆ ಬೂಟನ್ನೂ ಒಮ್ಮೆ ನೋಡಿಕೊಂಡಳು. ಅವಳ ಚೀಲದಲ್ಲಿ ಹಳದಿ ಬಿಲ್ಲೆಗಳಿದ್ದವು. ದನದ ಕಿವಿಗೆ ಚುಚ್ಚುವ, ಮೇಲೆ ಅಂಕಿ ಬರೆದಿರುವ ಪ್ಲಾಸ್ಟಿಕ್ ಬಿಲ್ಲೆ. ಸರ್ಕಾರದವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ಊರಿನವರು ಓಲೆ ಅನ್ನುತ್ತಿದ್ದರು.

"ಮೊದಲು ಓಲೆ, ಆಮೇಲೆ ಫೋಟೋ, ಆಮೇಲೆ ಸೂಜಿ," ಎಂದಳು ಅವಳು. "ಎಡಗಿವಿಗೆ."

ಡಾಕ್ಟರು ಇಕ್ಕಳ ಹಿಡಿದು ಸಾಲಿನ ಮೊದಲ ಹಸುವಿನ ಹತ್ತಿರ ಹೋದರು. ಎಡಗಿವಿಯನ್ನು ಎತ್ತಿದವರು ಹಾಗೇ ನಿಂತುಬಿಟ್ಟರು. ಚೆನ್ನಾಗಿ ತೊಳೆದ ಆ ಕಿವಿಯಲ್ಲಿ ರಾಜ್ಯ ಸರ್ಕಾರದ ನೀಲಿ ಓಲೆ ಫಳಫಳ ಹೊಳೆಯುತ್ತಿತ್ತು.

"ಇದು ಇರುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?" ವೀಕ್ಷಕಿ ಕೇಳಿದಳು.

"ಗೊತ್ತಿತ್ತು. ನಾನೇ ಚುಚ್ಚಿದ್ದು. ನಿಮ್ಮದೂ ಎಡಗಿವೀನೇ ಅಂತ ಇವತ್ತು ಗೊತ್ತಾಯ್ತು."

"ಎರಡು ಸಲ ಸುತ್ತೋಲೆ ಬಂದಿದೆ, ಡಾಕ್ಟ್ರೇ."

"ನಿಮ್ಮ ಸುತ್ತೋಲೆ ನಮ್ಮ ಮೇಲಿನವರಿಗೆ ಬರುತ್ತೆ. ಅವರು ಅದನ್ನ ಒಪ್ಪಿಲ್ಲ. ಒಪ್ಪದೇ ಇರೋದನ್ನ ನಮಗ್ಯಾಕೆ ಕಳಿಸ್ತಾರೆ?"

ಎರಡು ಸರ್ಕಾರಗಳೂ ಎಡಗಿವಿಯನ್ನೇ ಹಿಡಿದುಕೊಳ್ಳಲು ದೊಡ್ಡ ಕಾರಣವೇನೂ ಇರಲಿಲ್ಲ. ಹಾಲು ಕರೆಯುವವರು ಕೂರುವುದು ಎಡಬದಿಗೆ. ಮನುಷ್ಯರು ಆ ಬದಿಯಿಂದ ಬಂದರೆ ಹಸುಗಳು ಸುಮ್ಮನಿರುತ್ತವೆ. ಬಲಬದಿಯಿಂದ ಬಂದರೆ ಒದೆಯುತ್ತವೆ. ಇದು ರಾಜ್ಯದವರಿಗೂ ತಿಳಿದಿತ್ತು, ಕೇಂದ್ರದವರಿಗೂ ತಿಳಿದಿತ್ತು. ನೀಲಿ ಓಲೆ ಇದ್ದ ದನಕ್ಕೆ ಬೇಸಿಗೆಯಲ್ಲಿ ರಾಜ್ಯದ ಡಿಪೋದಿಂದ ಒಣಹುಲ್ಲು ಸಿಗುತ್ತಿತ್ತು. ಹಳದಿ ಓಲೆ ಇದ್ದ ದನಕ್ಕೆ ಕೇಂದ್ರದ ಸೂಜಿ. ಎರಡೂ ಒಳ್ಳೆಯ ಕೆಲಸಗಳೇ.

ಡಾಕ್ಟರು ತಮ್ಮ ಮೇಲಧಿಕಾರಿಗೆ ಫೋನ್ ಮಾಡಿದರು. ಆ ಕಡೆಯ ದನಿ ಎಷ್ಟು ದೊಡ್ಡದಿತ್ತೆಂದರೆ ಸಾಲಿನ ಕೊನೆಯವರೆಗೂ ಕೇಳಿಸಿತು.

"ನಮ್ಮ ಓಲೆ ಕೀಳೋ ಹಾಗಿಲ್ಲ. ದನ ರಾಜ್ಯದ ವಿಷಯ. ಇವತ್ತು ಕಿವಿ ಬಿಟ್ಟುಕೊಟ್ರೆ ನಾಳೆ ಬಾಲ ಕೇಳ್ತಾರೆ. ಕೋರ್ಟಲ್ಲಿದೆ, ನೀವು ಏನೂ ಮಾಡ್ಬೇಡಿ."

"ಸೂಜಿ ಹಾಕಬೇಕಲ್ಲ, ಸಾರ್. ಹಳ್ಳದಾಚೆ ರೋಗ ಇದೆ."

"ಸೂಜಿ ಹಾಕಿ. ಓಲೆ ಮುಟ್ಟಬೇಡಿ."

ಆಮೇಲೆ ವೀಕ್ಷಕಿ ತನ್ನವರಿಗೆ ಫೋನ್ ಮಾಡಿದಳು. ಅಲ್ಲಿಯ ದನಿ ಮೆತ್ತಗಿತ್ತು, ಆದರೆ ಬಗ್ಗುವಂಥದ್ದಾಗಿರಲಿಲ್ಲ. ಅದು ಹೇಳಿದ್ದನ್ನು ಅವಳೇ ಎಲ್ಲರಿಗೂ ಕೇಳುವಂತೆ ಹೇಳಿದಳು. ರೋಗಕ್ಕೆ ರಾಜ್ಯದ ಗಡಿ ಗೊತ್ತಾಗುವುದಿಲ್ಲ. ಒಂದು ಕಡೆಯ ದನವನ್ನು ಇನ್ನೊಂದು ಕಡೆಯ ಸಂತೆಯಲ್ಲಿ ಮಾರುತ್ತಾರೆ. ಇಡೀ ದೇಶಕ್ಕೆ ಒಂದೇ ಸಂಖ್ಯೆ ಇಲ್ಲದಿದ್ದರೆ ಯಾವುದಕ್ಕೆ ಸೂಜಿ ಬಿತ್ತು, ಯಾವುದಕ್ಕೆ ಬಿದ್ದಿಲ್ಲ ಎಂದು ಹುಡುಕುವುದು ಹೇಗೆ? ಓಲೆಯಿಲ್ಲದೆ ಸೂಜಿಯಿಲ್ಲ.

"ಅಂದ್ರೆ ದನ ಇವರದ್ದು, ರೋಗ ಅವರದ್ದು," ಎಂದಳು ದೊಡ್ಡಕ್ಕ ಸಾಲಿನ ಕೊನೆಯಿಂದ. "ಸಗಣಿ ಎತ್ತೋ ಕೆಲಸ ಮಾತ್ರ ನಮ್ಮದು."

ಬಯಲಿನಲ್ಲಿ ಬಿಸಿಲೇರತೊಡಗಿತು. ದನಗಳ ಮೈ ಒಣಗಿತು. ಡಾಕ್ಟರು ಪೆಟ್ಟಿಗೆಯ ಮುಚ್ಚಳ ತೆಗೆದು ಐಸು ನೋಡಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆಯಲು ಹೋದಾಗ, "ಹಾಗೆ ತೆಗೆದು ತೆಗೆದು ನೋಡಿದ್ರೇನೇ ಬೇಗ ಕರಗೋದು," ಎಂದು ಯಾರೋ ಗದರಿದರು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ಬಲಗಿವಿಗೆ ಚುಚ್ಚಿ ನೋಡೋಣ ಎಂದು ಅವರೇ ಹೇಳಿದರು. ವೀಕ್ಷಕಿ ಬೇಡವೆನ್ನಲಿಲ್ಲ. ಮೊದಲ ಹಸು ಒದೆಯಿತು. ಮೂವರು ಹಿಡಿದುಕೊಂಡು ಹೇಗೋ ಚುಚ್ಚಿದರು. ಅವಳು ಫೋಟೋ ತೆಗೆದಳು. ಅವಳ ಫೋನಿನಲ್ಲಿ ಕೆಂಪು ಅಕ್ಷರ ಬಂತು. ಎಡಗಿವಿ ತೋರಿಸಿ ಎಂದು ಅದರ ಅರ್ಥ. ಫೋಟೋ ಸರಿಯಿದ್ದಾಗ ಮಾತ್ರ ಅದು ಹಸಿರಾಗುತ್ತಿತ್ತು. ಹಸಿರಾಗದೆ ಔಷಧಿಯ ಲೆಕ್ಕ ಮುಂದಕ್ಕೆ ಹೋಗುತ್ತಿರಲಿಲ್ಲ.

"ಒಂದೇ ಕಿವಿಗೆ ಎರಡೂ ಚುಚ್ಚಿ," ಎಂದ ಮೈದುನ. "ನಮ್ಮ ಮನೆ ಹೆಂಗಸರು ಮೂರ್ಮೂರು ಹಾಕ್ಕೊಳ್ತಾರೆ."

ಅದನ್ನೂ ಮಾಡಿದರು. ಎರಡನೆಯ ಹಸುವಿನ ಎಡಗಿವಿಯಲ್ಲಿ ನೀಲಿಯ ಪಕ್ಕಕ್ಕೆ ಹಳದಿ ಬಂದು ಕೂತಿತು. ಫೋನು ಮತ್ತೆ ಕೆಂಪಾಯಿತು. ಒಂದೇ ಕಿವಿಯಲ್ಲಿ ಎರಡು ಸಂಖ್ಯೆ ಕಾಣುತ್ತಿವೆ, ಯಾವುದನ್ನು ನಂಬಬೇಕೋ ಅದಕ್ಕೆ ತಿಳಿಯುತ್ತಿಲ್ಲ ಎಂದು ವೀಕ್ಷಕಿ ವಿವರಿಸಿದಳು. ಅವಳ ದನಿಯಲ್ಲೂ ಸುಸ್ತಿತ್ತು. ಇದಕ್ಕಿಂತ ಹಿಂದಿನ ಊರಿನಲ್ಲಿ ಅವಳು ಇಡೀ ದಿನ ನಿಂತು ಬರಿಗೈಯಲ್ಲಿ ವಾಪಸು ಹೋಗಿದ್ದಳೆಂದು ಜೀಪಿನ ಡ್ರೈವರು ಯಾರಿಗೋ ಹೇಳುತ್ತಿದ್ದ.

ಆ ಹೊತ್ತಿಗೆ ಎಮ್ಮೆ ತಾತ ಬಂದ. ಅವನು ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಅವನ ಎಮ್ಮೆ ಕೆರೆಯ ಕೆಸರಿನಿಂದ ನೇರವಾಗಿ ಎದ್ದುಬಂದಿತ್ತು. ಕೊಂಬಿನಿಂದ ಬಾಲದವರೆಗೆ ಕೆಸರು ಮೆತ್ತಿತ್ತು.

"ತೊಳೆದು ತರೋಕೇನಾಗಿತ್ತು, ತಾತಾ?" ಎಂದು ಪಕ್ಕದವರು ರೇಗಿದರು.

"ಸೂಜಿ ಹಾಕೋಕೆ ಕರೆದಿದ್ದೋ, ಹೆಣ್ಣು ನೋಡೋಕೋ?" ಎಂದ ತಾತ.

ಉಳಿದವರಿಗೆಲ್ಲ ನಗು ಬಂತು. ಡಾಕ್ಟರಿಗೆ ನಗುವಷ್ಟು ತಾಳ್ಮೆ ಉಳಿದಿರಲಿಲ್ಲ. ಎಮ್ಮೆಯ ಎಡಗಿವಿ ಹಿಡಿದು ಹಳದಿ ಓಲೆ ಚುಚ್ಚಿದರು. ಮಾಡಬೇಕಲ್ಲ ಎಂದು ವೀಕ್ಷಕಿ ಫೋಟೋ ತೆಗೆದಳು. ಫೋನು ಹಸಿರಾಯಿತು.

ಅವಳು ಅದನ್ನೇ ನೋಡುತ್ತ ನಿಂತಳು. ಎಮ್ಮೆಯ ಕಿವಿಯಲ್ಲಿ ನೀಲಿ ಓಲೆ ಇರಲಿಲ್ಲವೆಂದಲ್ಲ, ಕೆಸರಿನೊಳಗೆ ಹೂತುಹೋಗಿತ್ತು. ಡಾಕ್ಟರು ಅವಳ ಮುಖ ನೋಡಿದರು. ಅವಳು ಡಾಕ್ಟರ ಮುಖ ನೋಡಲಿಲ್ಲ.

"ನಾನು ಫೋಟೋ ತೆಗೆಯೋಳು ಅಷ್ಟೆ," ಎಂದಳು. "ಫೋನ್ ಒಪ್ಪಿದ್ರೆ ನಾನೂ ಒಪ್ಪಿದ ಹಾಗೆ."

ಹೆಚ್ಚು ಹೇಳಬೇಕಾಗಿರಲಿಲ್ಲ. ಬೆಳಗ್ಗೆ ತಿಕ್ಕಿ ತಿಕ್ಕಿ ತೊಳೆದವರೆಲ್ಲ ಈಗ ಬಗ್ಗಿ ಸಗಣಿ ತೆಗೆದುಕೊಂಡು ರಾಜ್ಯ ಸರ್ಕಾರದ ಸಂಖ್ಯೆಯ ಮೇಲೆ ಮೆತ್ತತೊಡಗಿದರು. ಕೊಂಬಿಗೆ ಎಣ್ಣೆ ಹಚ್ಚಿದ್ದವರು ಎರಡೆರಡು ಸಲ ಮೆತ್ತಿದರು. ಡಾಕ್ಟರು ಮೊದಲ ಹಸುವಿನ ಬಲಗಿವಿಯ ಹಳದಿಯನ್ನು ಕತ್ತರಿಸಿ ಎಸೆದು, ಎಡಗಿವಿಗೆ ಹೊಸದನ್ನು ಚುಚ್ಚಿದರು. ಓಲೆ, ಫೋಟೋ, ಸೂಜಿ. ಓಲೆ, ಫೋಟೋ, ಸೂಜಿ. ಸಾಲು ಸರಸರನೆ ಸರಿಯಿತು. ನೀಲಿ ಓಲೆಯನ್ನು ಯಾರೂ ಕಿತ್ತಿರಲಿಲ್ಲ, ಹಳದಿ ಓಲೆ ಎಡಗಿವಿಯಲ್ಲೇ ಇತ್ತು. ಇಬ್ಬರೂ ಗೆದ್ದಿದ್ದರು.

ಕೊನೆಗೆ ಕೆಂದಿಯ ಸರದಿ ಬಂತು. ದೊಡ್ಡಕ್ಕ ಸಗಣಿ ಹಿಡಿದುಕೊಂಡೇ ನಿಂತಿದ್ದಳು. ಡಾಕ್ಟರು ಕಿವಿ ಎತ್ತಿ ಎರಡು ಬೆರಳಿನ ನಡುವೆ ಹಿಡಿದು ಬಿಸಿಲಿಗೆ ತೋರಿಸಿದರು. ಕೆಂದಿಯ ಎಡಗಿವಿ ಸೀಳಿಹೋಗಿತ್ತು. ಹಿಂದೊಮ್ಮೆ ಅದರ ಮೊದಲ ನೀಲಿ ಓಲೆ ಮುಳ್ಳುತಂತಿಗೆ ಸಿಕ್ಕಿಕೊಂಡು, ಕಿವಿಯನ್ನು ತುದಿಯವರೆಗೆ ಹರಿದುಕೊಂಡು ಹೋಗಿತ್ತು. ಉಳಿದ ಮೇಲಿನ ತುಂಡಿನಲ್ಲಿ ಎರಡನೆಯ ನೀಲಿ ಓಲೆ ಕೂತಿತ್ತು.

"ಇದರಲ್ಲಿ ಇನ್ನೊಂದಕ್ಕೆ ಜಾಗ ಇಲ್ಲ, ದೊಡ್ಡಕ್ಕ."

"ನೋಡಿ, ಎಲ್ಲಾದ್ರೂ ಒಂಚೂರು ಇರುತ್ತೆ."

"ಇಲ್ಲಿ ರಕ್ತನಾಳ. ಇಲ್ಲಿ ಚುಚ್ಚಿದ್ರೆ ಇದೂ ಹರಿದುಹೋಗುತ್ತೆ. ಆಮೇಲೆ ನೀಲಿನೂ ಇಲ್ಲ, ಹಳದಿನೂ ಇಲ್ಲ."

"ಹಾಗಾದ್ರೆ ಓಲೆ ಬಿಟ್ಟು ಸೂಜಿ ಹಾಕಿಬಿಡಿ. ಇಷ್ಟು ಜನಕ್ಕೆ ಹಾಕಿದೀರಿ, ಇದೊಂದು ಯಾರಿಗೆ ಗೊತ್ತಾಗುತ್ತೆ?"

ಡಾಕ್ಟರು ದನಿ ತಗ್ಗಿಸಿದರು. "ನನ್ನ ಜೊತೆ ಓದಿದವನೊಬ್ಬ ಹಾಗೆ ಹಾಕಿದ. ನಮಗೆ ಸಂಬಳ ಕೊಡೋದು ರಾಜ್ಯ, ಔಷಧಿ ಕೊಡೋದು ಕೇಂದ್ರ. ಬೇರೆ ಯಾವುದಕ್ಕೂ ಅವರಿಬ್ಬರೂ ಒಪ್ಪಲ್ಲ. ಅವನನ್ನ ಅಮಾನತು ಮಾಡೋಕೆ ಮಾತ್ರ ಒಂದೇ ದಿನದಲ್ಲಿ ಒಪ್ಪಿದ್ರು."

"ನೀಲಿ ತೆಗೆದು ಆ ತೂತಿಗೇ ಹಳದಿ ಹಾಕಬಹುದು," ಎಂದಳು ವೀಕ್ಷಕಿ. ಹೇಳಿದ ಮೇಲೆ ತಾನೇ ಸಂಕೋಚಪಟ್ಟಳು. "ನಿಮಗೆ ಬೇಕು ಅಂದ್ರೆ. ನಾನು ಹೇಳಿದೆ ಅಂತ ಅಲ್ಲ."

"ತೆಗೆದ ನೀಲಿನ ಬಲಗಿವಿಗೆ ಹಾಕ್ತೀರಾ?" ದೊಡ್ಡಕ್ಕ ಕೇಳಿದಳು.

"ಓಲೆ ಕತ್ತರಿಸಿಯೇ ತೆಗೀಬೇಕು. ಕತ್ತರಿಸಿದ್ದು ಮತ್ತೆ ಕೂರಲ್ಲ," ಎಂದರು ಡಾಕ್ಟರು. "ಹೊಸ ನೀಲಿ ಓಲೆ ಕೊಡೋದನ್ನ ನಿಲ್ಲಿಸಿದ್ದಾರೆ. ಕೋರ್ಟಲ್ಲಿ ತೀರ್ಮಾನ ಆಗೋವರೆಗೂ ಇಲ್ಲ."

ದೊಡ್ಡಕ್ಕ ಮೈದುನನ ಕಡೆ ತಿರುಗಿದಳು. ಅವನು ಹಗ್ಗದ ತುದಿಯ ಗಂಟನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದ.

"ಏನಯ್ಯಾ, ನೀಲಿ ಇಲ್ಲದಿದ್ರೆ ಹುಲ್ಲು ಕೊಡ್ತೀಯಾ?"

"ಅತ್ತಿಗೆ, ನಾನೇನು ಮಾಡ್ಲಿ?"

"ಏನು ಮಾಡ್ತೀಯ ಅಂತ ಕೇಳಲಿಲ್ಲ. ಕೊಡ್ತೀಯೋ ಇಲ್ವೋ?"

"ಕಿವಿಯಲ್ಲೇ ಇರೋ ಓಲೆ ತೋರಿಸದೇ ಇದ್ರೆ ತಕ್ಕಡಿ ತೂಗೋದೇ ಇಲ್ಲ. ಯಂತ್ರ ಅದು. ನನ್ನ ಹೆತ್ತಮ್ಮನೇ ಬಂದು ನಿಂತ್ರೂ ತೂಗಲ್ಲ."

"ನಿಮ್ಮಮ್ಮ ಹುಲ್ಲು ಕೇಳ್ಕೊಂಡು ಬರ್ತಾಳೇನು? ಊಟಕ್ಕೆ ದಿನಾ ಬರೋನು ನೀನು. ನಾಳೆಯಿಂದ ನಿನ್ನ ಕಿವೀಲೂ ಏನಾದ್ರೂ ಇದೆಯಾ ಅಂತ ನೋಡಿಯೇ ತಟ್ಟೆ ಹಾಕ್ತೀನಿ."

ಸುತ್ತ ನಿಂತವರು ನಕ್ಕರು. ಅವನ ಕಿವಿ ಕೆಂಪಾಯಿತು. ಅವನ ಮೇಲೆ ರೇಗಿದ್ದು ಅನ್ಯಾಯವೆಂದು ದೊಡ್ಡಕ್ಕನಿಗೆ ಗೊತ್ತಿತ್ತು. ಆದರೆ ರೇಗಲು ಕೈಗೆ ಸಿಗುವ ಸರ್ಕಾರ ಅವನೊಬ್ಬನೇ ಆಗಿದ್ದ. ಡಾಕ್ಟರು ಅರ್ಧ ಸರ್ಕಾರ. ಆ ಹುಡುಗಿ ಪರಊರಿನವಳು, ಬೆಳಗಿನಿಂದ ನೀರೂ ಕುಡಿಯದೆ ನಿಂತವಳು. ಅವರ ಮೇಲೆ ಹೇಗೆ ರೇಗುವುದು?

ಅವಳು ಸಗಣಿಯ ಕೈಯನ್ನು ಗೋಡೆಗೆ ಒರೆಸಿದಳು. ಬೇಸಿಗೆಯ ತಿಂಗಳುಗಳು ಅವಳ ಮನಸ್ಸಿನಲ್ಲಿ ಒಂದರ ಹಿಂದೆ ಒಂದು ಬಂದು ನಿಂತವು. ಹಿತ್ತಲಿನ ಹಸಿರು ಇನ್ನೇನು ಮುಗಿಯುತ್ತದೆ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುವವನು; ಬಂದಾಗ ಒಂದು ಕಂತೆ ಹುಲ್ಲು ಹೇರಿಕೊಂಡು ಬರುತ್ತಾನೆ, ಬಂದರೆ. ಡಿಪೋ ಇಲ್ಲದೆ ಕೆಂದಿಯ ಹೊಟ್ಟೆ ತುಂಬಿಸುವುದು ಕಷ್ಟ. ಹೊಟ್ಟೆ ತುಂಬದ ಹಸುವಿನ ಹಾಲು ಇಳಿಯುತ್ತದೆ, ಕರು ಬಡಕಲಾಗುತ್ತದೆ. ಆದರೆ ಬಡಕಲು ಕರು ಕರುವೇ. ಕೈಯಲ್ಲಿ ಬೆಚ್ಚಗೆ ಉಳಿದಿದ್ದ ಆ ಹಾಲು ಅವಳಿಗೆ ನೆನಪಾಯಿತು.

"ಅವರಿಗೆ ಇನ್ನೊಂದ್ಸಲ ಫೋನ್ ಮಾಡಿ," ಎಂದಳು ಡಾಕ್ಟರಿಗೆ. "ಒಂದು ಹರಿದ ಕಿವಿ ಇದೆ, ಇದೊಂದಕ್ಕೆ ಬಿಟ್ಟುಕೊಡ್ತೀರಾ ಅಂತ ಕೇಳಿ. ಇಬ್ಬರಿಗೂ ಕೇಳಿ."

ಡಾಕ್ಟರು ಮಾಡಿದರು. ಅವರ ಮೇಲಧಿಕಾರಿ ಸಭೆಯಲ್ಲಿದ್ದರು. ವೀಕ್ಷಕಿಯೂ ಮಾಡಿದಳು. ಅವಳ ಮೇಲಿನವರೂ ಸಭೆಯಲ್ಲಿದ್ದರು. ಎರಡೂ ಒಂದೇ ಸಭೆ ಎಂದು ಆಮೇಲೆ ತಿಳಿಯಿತು. ಕಿವಿಯ ವಿಷಯಕ್ಕೇ ಎರಡೂ ಕಡೆಯವರು ದೂರದ ಊರಿನಲ್ಲಿ ಕೂತಿದ್ದರಂತೆ.

"ಸಂಜೆಯೊಳಗೆ ಮುಗಿಯುತ್ತಾ?" ದೊಡ್ಡಕ್ಕ ಕೇಳಿದಳು.

"ಹೋದ ವರ್ಷದಿಂದ ನಡೀತಾ ಇದೆ," ಎಂದಳು ವೀಕ್ಷಕಿ.

ಡಾಕ್ಟರು ಐಸಿನ ಪೆಟ್ಟಿಗೆ ತೆರೆದರು. ಒಳಗೆ ನೀರಿತ್ತು, ನೀರಿನ ಮೇಲೆ ಚೂರುಪಾರು ಐಸು ತೇಲುತ್ತಿತ್ತು. ತೆರೆದ ಸೀಸೆಯಲ್ಲಿ ಸ್ವಲ್ಪ ಔಷಧಿ ಉಳಿದಿತ್ತು. ಅವರು ಸೀಸೆಯನ್ನು ತೋರಿಸಲಿಲ್ಲ. ದೊಡ್ಡಕ್ಕ ತಾನೇ ಬಗ್ಗಿ ನೋಡಿದಳು.

"ಕತ್ತರಿಸಿ," ಎಂದಳು.

"ದೊಡ್ಡಕ್ಕ, ಓಲೆ ಮುಟ್ಟಬೇಡಿ ಅಂತ ನಮ್ಮವರು—"

"ನೀವು ಮುಟ್ಟಬೇಡಿ. ಕತ್ತರಿ ಕೊಡಿ ಇಲ್ಲಿ."

ಅವಳು ಕೆಂದಿಯ ತಲೆಯನ್ನು ಕಂಕುಳಿಗೆ ಒತ್ತಿ ಹಿಡಿದಳು. ಮೈದುನ ಹಗ್ಗ ಬಿಗಿ ಮಾಡಿದ. ನೀಲಿ ಓಲೆಯ ಕಾಂಡ ಗಟ್ಟಿಯಿತ್ತು. ಮೊದಲ ಸಲಕ್ಕೆ ತುಂಡಾಗಲಿಲ್ಲ. ಅವಳ ಕೈ ಜಾರಿತು, ಕೆಂದಿ ತಲೆ ಕೊಡವಿತು. ಡಾಕ್ಟರು ಒಂದು ಕ್ಷಣ ಬೇರೆ ಕಡೆ ನೋಡುತ್ತ ನಿಂತಿದ್ದವರು, ಆಮೇಲೆ ಏನನ್ನೋ ಗೊಣಗಿಕೊಂಡು ಬಂದು ಅವಳ ಕೈಯ ಮೇಲೆ ಕೈಯಿಟ್ಟು ಒತ್ತಿದರು. ಓಲೆ ಕಟಕ್ಕೆಂದು ಮುರಿದು ಮಣ್ಣಿಗೆ ಬಿತ್ತು. ಮೈದುನ ಅದನ್ನು ಎತ್ತಿಕೊಂಡು, ಮಣ್ಣು ಊದಿ, ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

ಹಳದಿ ಓಲೆ ಹಳೆಯ ತೂತಿನಲ್ಲಿ ಕೂತಿತು. ಫೋನು ಹಸಿರಾಯಿತು. ಸೂಜಿ ಕುತ್ತಿಗೆಯ ಪಕ್ಕ ಇಳಿದಾಗ ಕೆಂದಿ ಚರ್ಮ ನಡುಗಿಸಿತು, ಅಷ್ಟೆ. ಔಷಧಿ ಮೈಗೆ ಹಿಡಿಯಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಹಳ್ಳದ ಕಡೆ ಬಿಡಬೇಡಿ ಎಂದು ಡಾಕ್ಟರು ಹೇಳಿದರು. ವೀಕ್ಷಕಿ ಜೀಪು ಹತ್ತುವ ಮುಂಚೆ ಬಂದು ದೊಡ್ಡಕ್ಕನ ಹತ್ತಿರ ನಿಂತಳು. "ಬರ್ತೀನಿ, ಅಕ್ಕ," ಎಂದು ಹೇಳಿ ಹೋದಳು. ಅವಳ ಬೂಟು ಈಗ ಯಾವ ಬಣ್ಣದ್ದೂ ಆಗಿರಲಿಲ್ಲ.

ಮನೆಗೆ ಡಾಂಬರು ರಸ್ತೆಯ ಅಂಚಿನಲ್ಲೇ ಹೋಗಬೇಕು. ಹಗ್ಗ ಹಿಡಿದು ದೊಡ್ಡಕ್ಕ ಮುಂದೆ, ಕೆಂದಿ ನಡುವೆ, ಮೈದುನ ಹಿಂದೆ. ಡಿಪೋ ತೆರೆಯುವ ಹೊತ್ತು ಮೀರಿತ್ತು. ಆದರೂ ಅವನು ತನ್ನ ದಾರಿಗೆ ತಿರುಗದೆ ಅವಳ ಹಿಂದೆಯೇ ಬರುತ್ತಿದ್ದ.

"ಅತ್ತಿಗೆ."

"ಏನು?"

"ರಜಾ ದಿನ ನಾನು ಗುಡ್ಡದ ಕಡೆ ಹೋಗಿ ಹುಲ್ಲು ಕೊಯ್ದು ತರ್ತೀನಿ."

"ವಾರಕ್ಕೊಂದು ದಿನ ತಿಂದು ಉಳಿದ ದಿನ ಉಪವಾಸ ಇರು ಅಂತ ಇದಕ್ಕೆ ನೀನೇ ಹೇಳು."

"ಬೆಳಗ್ಗೆ ಬೇಗ ಎದ್ದು ಹೋದ್ರೆ ದಿನಾನೂ ಆಗುತ್ತೆ."

"ಎದ್ದರೆ ಆಗುತ್ತೆ," ಎಂದಳು ಅವಳು. ಅವನು ಬೇಗ ಏಳುವವನಲ್ಲ. ಆದರೆ ಅವಳ ದನಿಯ ಬಿಸಿ ಸ್ವಲ್ಪ ಇಳಿದಿತ್ತು.

ರಸ್ತೆಯ ತಿರುವಿನಲ್ಲಿ ಚರಂಡಿಯ ಪಕ್ಕಕ್ಕೆ ಒಂದು ಉದ್ದನೆಯ ಪಟ್ಟಿ ಹುಲ್ಲು ಇನ್ನೂ ಹಸಿರಾಗಿತ್ತು. ಕೆಂದಿ ಕುತ್ತಿಗೆ ಚಾಚಿ ಬಾಯಿ ಹಾಕಿತು. ದೊಡ್ಡಕ್ಕ ಹಗ್ಗ ಸಡಿಲ ಬಿಟ್ಟಳು.

ಮೈದುನ ಅತ್ತಿತ್ತ ನೋಡಿದ. ಡಿಪೋದಲ್ಲಿ ಕೆಲಸ ಮಾಡಿ ಮಾಡಿ ಅವನಿಗೊಂದು ಅಭ್ಯಾಸ ಬಂದಿತ್ತು.

"ಅತ್ತಿಗೆ, ಇದು ಹೆದ್ದಾರಿ. ರಸ್ತೆ ಪಕ್ಕದ ಜಾಗ ಕೇಂದ್ರದ್ದು. ಚರಂಡಿ ಆಚೆಗೆ ಮಾತ್ರ ರಾಜ್ಯದ್ದು. ಇಲ್ಲಿ ಮೇಯಿಸಿದ್ರೆ ಯಾರಾದ್ರೂ—"

ದೊಡ್ಡಕ್ಕ ಹಗ್ಗವನ್ನು ಅವನ ಕೈಗೆ ಕೊಟ್ಟಳು. ಕಲ್ಲೊಂದರ ಮೇಲೆ ಕೂತು ಕಾಲು ಚಾಚಿದಳು.

"ಎಲ್ಲಿಂದ ಎಲ್ಲಿವರೆಗೆ ಯಾರದ್ದು ಅಂತ ಸರಿಯಾಗಿ ನೋಡಿ ಹೇಳು," ಎಂದಳು. "ಆತುರ ಇಲ್ಲ. ನೀನು ಹೇಳೋವರೆಗೂ ಇದು ಮೇಯ್ತಾ ಇರ್ಲಿ."